ಹೊತ್ತು ಮುಳುಗುವ ಮುಂಚಿನ ಊಟ

ವಡಗಾವಿ, ಬೆಳಗಾವಿ
9 ಫೆಬ್ರುವರಿ 2024

ಹಂಚಿನ ಭಟ್ಟಿಯ ವಿನೀತ ಅವರಿಗೆ ವಡಗಾವಿಯ ಸಮೃದ್ಧಿಯ ನಮಸ್ಕಾರ.

ಮೊನ್ನೆಯಿಂದ ನಿಮಗೆ ಫೋನ್ ಹಚ್ಚುತ್ತಿದ್ದೇನೆ. ನೀವು ವ್ಯಾಪ್ತಿ ಪ್ರದೇಶದ ಹೊರಗಿದ್ದೀರೆಂದು ಹೇಳಿ ಹೇಳಿ ಆ ಫೋನಿನೊಳಗಿನ ಹೆಣ್ಣುಮಗಳೇ ಸೋತಿದ್ದಾಳೆ. ಹಂಚು ತಂದ ಟೆಂಪೋದ ಓಂಕಾರ, “ಜಾಂಬೋಟಿ ದಾಟಿದ ಮ್ಯಾಲೆ ಫೋನ್ ಅಂದ್ರ ಬರೇ ಬ್ಯಾಟರಿ ಅಕ್ಕಾರ. ಚೀಟಿ ಬರದು ಕೊಡ್ರಿ, ಒಯ್ದು ಮುಟ್ಟಸ್ತೇನಿ” ಎಂದ. ಸಾಲೆ ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು, ಅದೂ ಜಗಳದ್ದು.

ನಾನು ಖಡೇಬಜಾರದ ಕನ್ನಡಕದ ಅಂಗಡಿಯಲ್ಲಿ ಕಣ್ಣು ತಪಾಸಣೆ ಮಾಡುವವಳು. ಅಪ್ಪ-ಅವ್ವ ಸಾಂಗಲಿಯಲ್ಲಿ ನೌಕರಿಗಿದ್ದಾರೆ. ಇಲ್ಲಿ ನಾನು, ನನ್ನಜ್ಜಿ ತಾರಾಬಾಯಿ ಇಬ್ಬರೇ. ಪಡಸಾಲೆಯ ನೆಲಕ್ಕೆ ಖಾನಾಪುರದ ಕೆಂಪು ಹಂಚೇ ಬೇಕೆಂದು ಹಟ ಹಿಡಿದವಳು ಅಜ್ಜಿ. ಹಂಚು ಚೆಂದವಾಗಿಯೇ ಬಂದಿವೆ. ಆದರೆ ಮೂರು ಹಂಚಿನ ಮೇಲೆ ಹೆಜ್ಜೆ ಮೂಡಿವೆ. ಹಸಿ ಹಂಚಿನ ಮೇಲೆ ನಾಯಿ ಹಾಯುವುದು ಹೊಸದೇನಲ್ಲ, ಇದು ನಾಯಿಯದಲ್ಲ. ಒಂದರ ಮೇಲೆ ಉಗುರೂರಿದ ದೊಡ್ಡ ಪಾದ. ಇನ್ನೊಂದರ ಮೇಲೆ ಮನುಷ್ಯನ ಪಾದ. ನಡುವಿನದಕ್ಕೆ ಹಿಮ್ಮಡಿ ಮನುಷ್ಯನದು, ಮುಂದೆ ಉಗುರು.

ಅಜ್ಜಿ ಕೈಯಾಡಿಸಿ ನೋಡಿ, “ಯಾರರೇ ನಡದಾರು, ಇರ್ಲಿ ಬಿಡು” ಎಂದಳು. ನಾನು ಬಿಡುವವಳಲ್ಲ. ನಮ್ಮ ಪಡಸಾಲೆಗೆ ನಮಗಿಂತ ಮೊದಲು ಕಾಲಿಟ್ಟವರು ಯಾರು, ತಿಳಿಸಿ.

ಸಮೃದ್ಧಿ


ಹಂಚಿನ ಭಟ್ಟಿ, ಖಾನಾಪುರ ತಾಲೂಕು
14 ಫೆಬ್ರುವರಿ 2024

ಸಮೃದ್ಧಿ ಅವರಿಗೆ ನಮಸ್ಕಾರ.

ತಪ್ಪು ನನ್ನದು. ಹಂಚು ಒಣಗಲು ಹಾಕುವ ಅಂಗಳಕ್ಕೆ ಅಂಟಿಕೊಂಡೇ ಕಾಡಿದೆ. ನಸುಕಿನಲ್ಲಿ ಒಂದು ಕರಡಿ ಹಾಯ್ದು ಹೋಯಿತು. ಅದನ್ನು ಓಡಿಸಲು ನಾನು ಬರಿಗಾಲಲ್ಲಿ ಬೆನ್ನುಹತ್ತಿದೆ. ನಡುವಿನ ಹಂಚಿನ ಮೇಲೆ ಇಬ್ಬರ ಹೆಜ್ಜೆಯೂ ಬಿದ್ದಿರಬೇಕು. ಸುಡುವ ಮೊದಲು ತೆಗೆದಿಡಬೇಕಿತ್ತು. ನನಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ, ಭಟ್ಟಿ ನೋಡಿಕೊಳ್ಳುವ ನನ್ನ ಸೋದರತ್ತೆ ನಿಂಗವ್ವನಿಗೆ ಹತ್ತಿರದ್ದು ಕಾಣುವುದಿಲ್ಲ.

ದಯವಿಟ್ಟು ಆ ಮೂರನ್ನೂ ಓಂಕಾರನ ಕೈಯಲ್ಲಿ ತಿರುಗಿ ಕಳಿಸಿ. ಹೊಸವು ಕೊಡುತ್ತೇನೆ. ತಪ್ಪಿಗೆಂದು ಒಂದು ಬಾಟಲಿ ಜೇನುತುಪ್ಪ ಕಳಿಸಿದ್ದೇನೆ, ನಾನೇ ಇಳಿಸಿದ್ದು. ಅಜ್ಜಿಯವರಿಗೆ ಕೊಡಿ.

ವಿನೀತ


ವಡಗಾವಿ
20 ಫೆಬ್ರುವರಿ 2024

ವಿನೀತ ಅವರಿಗೆ,

ಜೈನರ ಮನೆಗೆ ಜೇನು ಕಳಿಸಿದ ಧೈರ್ಯವಂತ ನೀವೊಬ್ಬರೇ. ಓಂಕಾರ ಬಾಟಲಿ ಹಿಡಿದು ಹೊಸ್ತಿಲ ಹೊರಗೆ, ಅಜ್ಜಿ ಕೈ ಹಿಂದೆ ಕಟ್ಟಿಕೊಂಡು ಒಳಗೆ. “ಹುಳದ ಮನಿ ಮುರದು ತಂದ ತುತ್ತು ನಮಗ ಬ್ಯಾಡಪಾ” ಎಂದಳು. ಆಮೇಲೆ ನಿಮಗೆ ಕೆಡುಕೆನಿಸೀತೆಂದು, “ಆ ಹುಡುಗ ಪ್ರೀತೀಲೆ ಕಳಿಸ್ಯಾನ, ಬರಿಗೈಲೆ ಕಳಿಸಬಾರದು” ಎಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟಿದ್ದಾಳೆ. ಬಾಟಲಿಯ ಜತೆಗೆ ಅದನ್ನೂ ಇಸಿದುಕೊಳ್ಳಿ.

ಹಂಚು ಮಾತ್ರ ಕಳಿಸುವುದಿಲ್ಲ. ಮಸೂರದ ಮೇಲಿನ ಕೂದಲೆಳೆಯಷ್ಟು ಗೀರು ಹುಡುಕುವುದೇ ನನ್ನ ಹೊಟ್ಟೆಪಾಡು. ಎರಡು ಹೆಜ್ಜೆ ಒಂದರ ಮೇಲೊಂದು ಬಿದ್ದರೆ ಅಂಚು ಎರಡಾಗುತ್ತದೆ. ಇಲ್ಲಿ ಅಂಚು ಒಂದೇ. ನೀವು ಹೇಳಿದ ಕತೆ ಚೆನ್ನಾಗಿದೆ, ಹಂಚು ಅದನ್ನು ಒಪ್ಪುತ್ತಿಲ್ಲ.

ಇಲ್ಲಿಯ ಗೌಂಡಿಗಳು ಕೈಹಂಚು ಹಾಸಲು ಒಲ್ಲೆನ್ನುತ್ತಾರೆ. ನೀವೇ ಬಂದು ಹಾಸಿಕೊಡುವಿರಾ? ಬಂದಾಗ ನಿಮ್ಮ ಕಣ್ಣೂ ತಪಾಸಣೆ ಮಾಡುತ್ತೇನೆ. ದೂರದ್ದು ಕಾಣದವರು ಕರಡಿಯ ಬೆನ್ನು ಹತ್ತಬಾರದು.

ಸಮೃದ್ಧಿ


ಹಂಚಿನ ಭಟ್ಟಿ
12 ಮಾರ್ಚ್ 2024

ಸಮೃದ್ಧಿ ಅವರಿಗೆ,

ನೆಲ ಹಾಸಿ ಬಂದು ವಾರವಾಯಿತು. ಹೇಳಬೇಕಾದದ್ದನ್ನು ಅಲ್ಲಿ ಹೇಳಲಾಗಲಿಲ್ಲ, ನಿಮ್ಮೆದುರು ನನ್ನ ನಾಲಿಗೆ ಏಳುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ದಿನಾಲೂ ಸಂಜೆ ಐದಕ್ಕೆ ಅಜ್ಜಿಯವರು ತಾಟು ಇಟ್ಟು, “ಬರ್ರಿ, ಕುಂದರ್ರಿ, ಹೊತ್ತು ಮುಳುಗೂದ್ರಾಗ ಉಣ್ಣೂಣು” ಎನ್ನುತ್ತಿದ್ದರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು. ಉಂಡು ಕೈತೊಳೆದು ಓಂಕಾರನ ಟೆಂಪೋ ಹತ್ತುತ್ತಿದ್ದೆ. ನಿಮಗದು ಏನೂ ಅಲ್ಲದಿರಬಹುದು. ನನ್ನನ್ನು ಊಟಕ್ಕೆ ಕರೆಯುವುದನ್ನು ಗೆಳೆಯರೆಲ್ಲ ಎಂದೋ ಬಿಟ್ಟಿದ್ದಾರೆ. ಎಲ್ಲರ ಮನೆಯಲ್ಲೂ ದೊಡ್ಡ ಊಟ ರಾತ್ರಿಯದು. ನಾನು ಸಂಜೆಗೇ ಎದ್ದು ಹೊರಟರೆ ಸೊಕ್ಕು ಎಂದುಕೊಂಡರು. ನನ್ನ ಸ್ವಂತ ತಂಗಿಯ ಮದುವೆಯ ಊಟವನ್ನೂ ನಾನು ಉಂಡಿಲ್ಲ. ನಿಮ್ಮ ಮನೆಯಲ್ಲಿ ಯಾರೂ ಯಾಕೆ ಹೊರಟೆ ಅನ್ನಲಿಲ್ಲ. ಒಂದು ಮನೆಯ ಊಟದ ಹೊತ್ತಿಗೆ ನಾನು ಅಲ್ಲಿದ್ದದ್ದು ಹದಿನಾರರ ವಯಸ್ಸಿನ ನಂತರ ಇದೇ ಮೊದಲು. ನಾನು ಬಹಳ ಋಣಿ.

ಕನ್ನಡಕ ಹಾಕಿಕೊಂಡು ಟೆಂಪೋ ಇಳಿದಾಗ ಮರದ ಎಲೆಗಳು ಒಂದೊಂದೇ ಬೇರೆಯಾಗಿ ಕಂಡವು. ಅತ್ತೆಗೆ ಹೇಳಿದೆ. “ಎಲಿ ಮತ್ತ ಹೆಂಗ ಇರ್ತಾವೋ ಹುಚ್ಚಾ” ಎಂದಳು.

ವಿನೀತ


ವಡಗಾವಿ
19 ಮಾರ್ಚ್ 2024

ವಿನೀತ ಅವರಿಗೆ,

ನಿಮ್ಮ ಪತ್ರ ಅಜ್ಜಿಗೆ ಓದಿ ಹೇಳಿದೆ. ನಾಲಿಗೆಯ ಮಾತೊಂದನ್ನು ಬಿಟ್ಟು. ಅಜ್ಜಿಯ ತೀರ್ಪು ಬಂದಾಗಿದೆ: “ಅಂವಾ ನೇಮದ ಹುಡುಗ. ಹೊತ್ತು ಮುಳುಗಿದ ಮ್ಯಾಲೆ ಉಣ್ಣಂಗಿಲ್ಲ. ನಮ್ಮವರs ಈಗ ರಾತ್ರಿ ಹತ್ತಕ್ಕ ಪಾವ್‌ಭಾಜಿ ತಿಂತಾರ, ಬ್ಯಾರೇರ ಮನಿ ಹುಡುಗ ವ್ರತಾ ಹಿಡದಾನ ನೋಡು.” ಬಸದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದಿದ್ದಾಳೆ. ಓಣಿಯ ಹುಡುಗರಿಗೆಲ್ಲ ಈಗ ನಿಮ್ಮದೇ ಉದಾಹರಣೆ, ಅವರ ಶಾಪ ನಿಮಗೆ ತಟ್ಟದಿರಲಿ.

ನಿಜವಾಗಿಯೂ ವ್ರತವೇ? ನಾವು ಯಾರೂ ಹೇಳಿಕೊಟ್ಟಿಲ್ಲ, ನೀವೂ ಹೇಳಿಕೊಂಡಿಲ್ಲ. ಹೀಗೆ ಸದ್ದಿಲ್ಲದೆ ಒಂದು ನೇಮ ನಡೆಸುವವರನ್ನು ನಾನು ನೋಡಿರಲಿಲ್ಲ. ಆ ಮೂರು ಹಂಚನ್ನು ಕಾಳಿನ ಕಣಜದ ಕೆಳಗೆ, ಕಾಣದ ಮೂಲೆಗೆ ಹಾಸಿಹೋಗಿದ್ದೀರಿ. ಅದೂ ಗೊತ್ತಾಗಿದೆ.

ನೀವು ಹೋದ ಮೇಲೆ ಪಡಸಾಲೆ ಸುಮ್ಮನೆ ದೊಡ್ಡದಾಗಿ ಕಾಣುತ್ತಿದೆ. ಐದಾದರೆ ಬಾಗಿಲ ಕಡೆ ನೋಡುತ್ತೇನೆ. ಇದನ್ನು ಬರೆಯಬಾರದೆಂದುಕೊಂಡೇ ಕುಳಿತಿದ್ದೆ.

ಸಮೃದ್ಧಿ


ಹಂಚಿನ ಭಟ್ಟಿ
2 ಏಪ್ರಿಲ್ 2024

ಸಮೃದ್ಧಿ ಅವರಿಗೆ,

ಅಜ್ಜಿಯವರು ತಿಳಿದಷ್ಟು ದೊಡ್ಡವನು ನಾನಲ್ಲ. ಹೊತ್ತು ಮುಳುಗಿದ ಮೇಲೆ ನಾನು ತಾಟಿನ ಮುಂದೆ ಕೂಡುವುದಿಲ್ಲ, ಅಷ್ಟು ಮಾತ್ರ ಖರೇ. ಅದಕ್ಕಿಂತ ಹೆಚ್ಚು ಕೇಳಬೇಡಿ.

ಭಟ್ಟಿಗೆ ಬೆಂಕಿ ಹಾಕುವ ಮುಂಚೆ ಒಳಗೆ ಹುಳಹುಪ್ಪಟೆ ಗೂಡು ಕಟ್ಟಿವೆಯೇ ನೋಡೆಂದು ಅಜ್ಜಿಯವರು ಹೇಳಿದ್ದರು. ಈ ಸಲ ನೋಡಿದೆ. ಕಣಜದ ಹುಳುವಿನ ಗೂಡು ಎರಡು ಇದ್ದವು, ಅವು ಹಾರಿಹೋಗುವವರೆಗೆ ಬೆಂಕಿ ಹಾಕಲಿಲ್ಲ. ಅತ್ತೆ, “ಬೆಳಗಾಂವಿ ನೀರು ಕುಡದು ಬಂದಿ” ಎಂದು ನಕ್ಕಳು.

ಐದಾದರೆ ನಾನೂ ವಡಗಾವಿಯ ದಿಕ್ಕಿಗೆ ನೋಡುತ್ತೇನೆ. ನೋಡಬಾರದು. ಆದರೂ ನೋಡುತ್ತೇನೆ.

ವಿನೀತ


ವಡಗಾವಿ
16 ಏಪ್ರಿಲ್ 2024

ವಿನೀತ,

ಎರಡು ಪತ್ರ ಬರೆದೆ, ಉತ್ತರವಿಲ್ಲ. ಕೊಟ್ಟೆನೆಂದು ಓಂಕಾರ ಆಣೆ ಹಾಕುತ್ತಾನೆ. ನಿಮ್ಮ ಬೆನ್ನ ಮೇಲಿನ ಅಂಗಿ ಹರಿದಿತ್ತೆಂದೂ ಹೇಳಿದ. ಕೈ ನೋಯುತ್ತಿದ್ದರೆ ಓಂಕಾರನಿಗೆ ಹೇಳಿ ಬರೆಸಿ. ನನ್ನ ಮೇಲೆ ಸಿಟ್ಟಿದ್ದರೆ ಸಿಟ್ಟನ್ನೇ ಬರೆಯಿರಿ. ಸುಮ್ಮನಿರಬೇಡಿ.

ಸಮೃದ್ಧಿ


ಹಂಚಿನ ಭಟ್ಟಿ
24 ಏಪ್ರಿಲ್ 2024

ಸಮೃದ್ಧಿ ಅವರಿಗೆ,

ನಮ್ಮ ಬಾಜೂಕ್ಕೆ ಗೇರು ತೋಟವಿರುವ ಸಿದರಾಯ ಕಾಕಾನ ಮೇಲೆ ಕರಡಿ ಬಿದ್ದಿದೆ. ನಸುಕಿಗೆ ಗೇರುಹಣ್ಣು ಆರಿಸಲು ಹೋಗಿದ್ದರು. ಬೆಳಗಾವಿಯ ಆಸ್ಪತ್ರೆಯಲ್ಲಿದ್ದಾರೆ, ಜೀವಕ್ಕೆ ಅಪಾಯವಿಲ್ಲವಂತೆ. ಅರಣ್ಯದವರು ತೋಟದಲ್ಲಿ ಬೋನು ತಂದಿಟ್ಟು ಹಲಸಿನ ಹಣ್ಣು ಕಟ್ಟಿದ್ದಾರೆ.

ಇನ್ನು ನನಗೆ ಬರೆಯಬೇಡಿ. ನೀವು ನೋಡಿದ ವಿನೀತ ಸಂಜೆಯವರೆಗಿನವನು. ಅವನನ್ನಷ್ಟೇ ನೆನಪಿಟ್ಟುಕೊಂಡು ಬಿಟ್ಟುಬಿಡಿ. ನೀವು ಕೊಟ್ಟದ್ದು ಸಣ್ಣದಲ್ಲ, ನಾನು ಮರೆಯುವುದಿಲ್ಲ.

ವಿನೀತ


ವಡಗಾವಿ
29 ಏಪ್ರಿಲ್ 2024

ವಿನೀತ,

ಬರೆಯಬೇಡಿ ಎಂದಿರಿ, ಬರೆಯುತ್ತಿದ್ದೇನೆ. ಹೇಳಿದ್ದು ಕೇಳುವ ಹುಡುಗಿ ಬೇಕಿದ್ದರೆ ಬೇರೆ ಮನೆಗೆ ಹಂಚು ಕಳಿಸಬೇಕಿತ್ತು.

ನಿನ್ನೆ ಕಾಳಿನ ಕಣಜ ಸರಿಸಿ ಆ ಮೂರು ಹಂಚಿನ ಮುಂದೆ ಕುಳಿತೆ. ಮೊದಲ ದಿನ ನಮ್ಮ ಹಿತ್ತಿಲಲ್ಲಿ ನೀವು ಕಾಲು ತೊಳೆದಾಗ ನೋಡಿದ್ದೆ, ನಿಮ್ಮ ಬಲಗಾಲಿಗೆ ಕಿರುಬೆರಳಿಲ್ಲ. ಸಣ್ಣವನಿದ್ದಾಗ ಭಟ್ಟಿಯ ಕಲ್ಲು ಬಿದ್ದು ಹೋಯಿತೆಂದಿರಿ. ಹಂಚಿನ ಮೇಲಿನ ಮನುಷ್ಯನ ಪಾದಕ್ಕೂ ಕಿರುಬೆರಳಿಲ್ಲ. ನಡುವಿನದಕ್ಕೂ ಇಲ್ಲ. ಆ ಕರಡಿಯ ಪಾದಕ್ಕೂ ಇಲ್ಲ.

ಅಂದೇ ಗೊತ್ತಾಗಿತ್ತು. ನನಗೇ ನಗು ಬಂದು, ಕಣ್ಣು ತಪಾಸಣೆ ಮಾಡುವವಳ ಕಣ್ಣೇ ಕೆಟ್ಟಿದೆ ಎಂದುಕೊಂಡೆ. ಈಗ ನಗು ಬರುತ್ತಿಲ್ಲ. ಹೊತ್ತು ಮುಳುಗಿದ ಮೇಲೆ ನೀವು ಎಲ್ಲಿರುತ್ತೀರಿ ಎಂದು ಕೇಳುವುದಿಲ್ಲ. ಏನಾಗಿರುತ್ತೀರಿ ಎಂದು ಕೇಳುತ್ತಿದ್ದೇನೆ. ಹೌದೆಂದರೆ ನಾನು ಓಡಿಹೋಗುತ್ತೇನೆಂದು ತಿಳಿಯಬೇಡಿ. ಓಡಿಹೋಗುವವಳಾಗಿದ್ದರೆ ಹಂಚು ವಾಪಸ್ ಕಳಿಸುತ್ತಿದ್ದೆ.

ನನಗೆ ನೀವು ಬೇಕು. ಸ್ಪಷ್ಟವಾಗಿ ಬರೆದಿದ್ದೇನೆ, ಕನ್ನಡಕ ಹಾಕಿಕೊಂಡು ಓದಿ.

ಸಮೃದ್ಧಿ


ಹಂಚಿನ ಭಟ್ಟಿ
6 ಮೇ 2024

ಸಮೃದ್ಧಿ,

ಹೌದು.

ನನ್ನ ಅಪ್ಪನಿಗೂ ಹೀಗೇ ಆಗುತ್ತಿತ್ತು. ನನಗೆ ಹದಿನಾರಕ್ಕೆ ಶುರುವಾಯಿತು. ಹೊತ್ತು ಮುಳುಗಿದರೆ ಕರಡಿ, ಹೊತ್ತು ಹುಟ್ಟಿದರೆ ಮನುಷ್ಯ. ನಡುವಿನದು ಒಂದೂ ನೆನಪಿರುವುದಿಲ್ಲ. ಬೆಳಿಗ್ಗೆ ಬಾಯಲ್ಲಿ ಮಣ್ಣಿನ ರುಚಿ, ಮೈಯೆಲ್ಲ ಕಾಡಿನ ವಾಸನೆ. ರಾತ್ರಿ ಏನು ಮಾಡಿದೆ ಎಂದು ಕೇಳಿದರೆ ಅತ್ತೆ “ಏನಿಲ್ಲ, ಸುಮ್ಮ ಇರ್ತಿ” ಎನ್ನುತ್ತಾಳೆ. ಸಾಕಿದವಳು ಇನ್ನೇನು ಹೇಳಿಯಾಳು?

ಸಿದರಾಯ ಕಾಕಾನ ಮೇಲೆ ಕರಡಿ ಬಿದ್ದ ಬೆಳಿಗ್ಗೆ ನಾನು ಅವರ ತೋಟದ ಬೇಲಿಯ ಹತ್ತಿರವೇ ಎಚ್ಚತ್ತೆ. ನನ್ನ ಬೆನ್ನು ಸೀಳಿತ್ತು. ಅವರ ಕೈಯಲ್ಲಿ ಕೊಯ್ತಾ ಕತ್ತಿ ಇತ್ತೆಂದು ಜನ ಹೇಳುತ್ತಾರೆ. ನಾನು ಬಿದ್ದೆ, ಅವರು ಹೊಡೆದರು. ಬೇರೆ ಹೇಗೆ ತಿಳಿಯಲಿ? ಸಣ್ಣವನಿದ್ದಾಗ ನನ್ನನ್ನು ಹೆಗಲ ಮೇಲೆ ಹೊತ್ತು ತಿರುಗಿದ ಮನುಷ್ಯ ಅವರು.

ಗುರುವಾರ ನನ್ನ ಕೊನೆಯ ಭಟ್ಟಿ ಇಳಿಸಿ, ಅತ್ತೆ ಸುಡಿಸಿಕೊಳ್ಳಲೆಂದು ಅಂಗಳದ ತುಂಬ ಹಸಿ ಹಂಚು ಒಣಹಾಕುತ್ತೇನೆ, ಮಳೆಗಾಲಕ್ಕೆ ಅವಳಿಗೆ ಸಾಕಾಗುತ್ತದೆ. ಶುಕ್ರವಾರ ಹೊತ್ತು ಮುಳುಗುವ ಮುಂಚೆ ನಾನೇ ಹೋಗಿ ಬೋನಿನಲ್ಲಿ ಕುಳಿತು ಬಾಗಿಲೆಳೆದುಕೊಳ್ಳುತ್ತೇನೆ. ಕರಡಿ ಬಿದ್ದರೆ ಕತ್ತಲಲ್ಲೇ ದೂರ ಸಾಗಿಸುತ್ತಾರಂತೆ. ಬೆಳಗಾದ ಮೇಲೆ ಅವರಿಗೆ ನಾನು ಸಿಕ್ಕರೆ ಏನಾಗುತ್ತದೋ ಆಗಲಿ. ಈ ಊರಿನವರಿಗೆ ನನ್ನಿಂದ ಇನ್ನೊಂದು ಕೇಡಾಗಬಾರದು.

‘ನನಗೆ ನೀವು ಬೇಕು’ ಎಂಬುದನ್ನು ಕನ್ನಡಕ ಹಾಕಿಕೊಂಡೂ ಓದಿದೆ, ತೆಗೆದೂ ಓದಿದೆ. ನನಗೂ. ಅದಕ್ಕೇ ಹೋಗುತ್ತಿದ್ದೇನೆ.

ವಿನೀತ


ವಡಗಾವಿ
12 ಮೇ 2024

ವಿನೀತ,

ನಿಮಗೆ ನೆನಪಿರುವುದಿಲ್ಲ ಎಂದಿರಲ್ಲ, ಅದಕ್ಕೇ ಶುಕ್ರವಾರದ ಸಂಜೆಯನ್ನು ಬರೆದು ಕೊಡುತ್ತಿದ್ದೇನೆ. ಜೋಪಾನವಾಗಿಟ್ಟುಕೊಳ್ಳಿ. ಹೊತ್ತು ಹುಟ್ಟಿದ ಕೂಡಲೇ ನೀವು ಮಲಗಿಬಿಟ್ಟಿರಿ, ನನಗೆ ಅಂಗಡಿಗೆ ಬರಬೇಕಿತ್ತು, ಮಾತಾಡಲು ಆಗಲಿಲ್ಲ.

ನಿಮ್ಮ ಪತ್ರ ನನ್ನ ಕೈಸೇರಿದ್ದು ಗುರುವಾರ. ನೇರ ಆಸ್ಪತ್ರೆಗೆ ಹೋದೆ. ಸಿದರಾಯ ಕಾಕಾ ದಿಂಬಿಗೆ ಒರಗಿ ಚಹಾ ಕುಡಿಯುತ್ತಿದ್ದರು. ಕೊಯ್ತಾದಿಂದ ಕರಡಿಗೆ ಹೊಡೆದಿರೇ ಎಂದು ಕೇಳಿದೆ. “ಕೊಯ್ತಾ ಮೊದಲs ಕೈಬಿಟ್ಟು ಹಾರಿತ್ತವಾ. ಎರಡು ಕರಡಿ ಇದ್ವು. ಒಂದು ನನ್ನ ಕೆಡವಿತು. ಇನ್ನೊಂದು ಬೇಲಿ ಹಾರಿ ಬಂದು ನಡಬರಕ ನಿಂತು ಅದನ್ನ ಓಡಸ್ತು. ಆ ಬಡಿದಾಟದಾಗ ಅದರ ಬೆನ್ನ ಹರೀತು, ನಾ ಕಂಡೇನಿ. ಯಾರಿಗಿ ಹೇಳಿದ್ರೂ ಗುಂಗಿನ್ಯಾಗ ಅದಾನ ಅಂತಾರ” ಎಂದರು. ನಿಮ್ಮ ಬೆನ್ನ ಗಾಯ ಅದು. ಅವರು ಹೊಡೆದದ್ದಲ್ಲ, ಅವರನ್ನು ಉಳಿಸಿದ್ದು.

ಶುಕ್ರವಾರ ಅಕ್ಷಯ ತದಿಗೆ. ಆದಿನಾಥ ಸ್ವಾಮಿಗೆ ವರ್ಷದ ಉಪವಾಸದ ನಂತರ ಕಬ್ಬಿನ ಹಾಲು ಸಿಕ್ಕ ದಿನವೆಂದು ಅವತ್ತು ಯಾರಿಗಾದರೂ ಉಣಿಸದೆ ಅಜ್ಜಿಗೆ ಸಮಾಧಾನವಿಲ್ಲ. “ವಿನೀತಗ ಹುಷಾರಿಲ್ಲ” ಎಂದೆ. ಡಬ್ಬಿ ಕಟ್ಟಿ, ಕಬ್ಬಿನ ಹಾಲಿನ ಬಾಟಲಿ ಕೊಟ್ಟು, “ಹೊತ್ತು ಮುಳುಗೂದ್ರಾಗ ಉಣ್ಣಸು” ಎಂದಳು. ಓಂಕಾರನ ಟೆಂಪೋ ಅವತ್ತು ಹಾರಿತು.

ಬೋನಿನ ಮುಂದೆ ನಾನು ಅಡ್ಡ ನಿಂತದ್ದು ನಿಮಗೆ ನೆನಪಿದೆ. ಕಾಕಾನ ಮಾತು ಹೇಳಿದರೆ, ನನ್ನ ಮೇಲಿನ ಪ್ರೀತಿಗೆ ಸುಳ್ಳು ಹೇಳುತ್ತಿದ್ದೀರಿ ಎಂದಿರಿ. ನನಗೆ ಅಳು ಬಂತು, ಸಿಟ್ಟೂ ಬಂತು. ಕಡೆಗೆ, “ನನ್ನ ನಂಬಬ್ಯಾಡ್ರಿ. ಅಜ್ಜಿ ಕಬ್ಬಿನ ಹಾಲು ಕಳಿಸ್ಯಾಳ, ಉಂಡು ಬಂದು ಬೋನಿನ್ಯಾಗ ಕುಂದರ್ರಿ” ಎಂದೆ. ಅಜ್ಜಿಯ ತಾಟನ್ನು ನೀವು ಬಿಡಲಾರಿರಿ. ಭಟ್ಟಿಗೆ ಬಂದು ಕುಳಿತಿರಿ, ನಾನು ಬೇಕೆಂದೇ ರೊಟ್ಟಿಯ ಮೇಲೆ ರೊಟ್ಟಿ ಹಾಕಿದೆ. ಹೊತ್ತಿನ ಕಡೆ ನೋಡಿದಾಗ ಬೋನಿನವರೆಗೆ ಹೋಗಲು ಸಮಯವಿರಲಿಲ್ಲ. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಅತ್ತೆಯ ಜತೆ ಒಳಗೆ ಹೋಗಿ ಅಗಳಿ ಹಾಕಿಕೊಳ್ಳಿ ಎಂದಿರಿ. ಇಲ್ಲಿಂದ ಮುಂದಿನದು ನಿಮಗೆ ಗೊತ್ತಿಲ್ಲ.

ಬಾಗಿಲ ಸಂದಿಯಿಂದ ನೋಡಿದೆ. ಹೆದರಿದ್ದೆ, ಸುಳ್ಳು ಹೇಳುವುದಿಲ್ಲ. ನಿಂಗವ್ವ ಅತ್ತೆಯ ಕೈ ಹಿಡಿದುಕೊಂಡಿದ್ದೆ. ನೀವು ಬಗ್ಗಿದಿರಿ, ಎದ್ದಾಗ ಕರಡಿಯಾಗಿದ್ದಿರಿ. ಮೊದಲು ಮಾಡಿದ ಕೆಲಸ ಸೀನಿದ್ದು. ನನಗೆ ನಗು ಬಂತು, ಅರ್ಧ ಹೆದರಿಕೆ ಅಲ್ಲೇ ಹೋಯಿತು.

ಅಂಗಳದ ತುಂಬ ಹಸಿ ಹಂಚು ಒಣಹಾಕಿದ್ದಿರಿ. ಭಟ್ಟಿಯ ಗೋಡೆಗೆ ಹೋಗಬೇಕೆಂದರೆ ಅವುಗಳ ನಡುವೆಯೇ ಹಾಯಬೇಕು. ಕರಡಿ ಏನು ಮಾಡಿತು ಗೊತ್ತೆ? ಮೂಗಿನಿಂದ ಸಾಲು ಹಿಡಿದು, ಎರಡು ಸಾಲಿನ ನಡುವೆ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತ ಹೋಯಿತು. ಅಷ್ಟು ದೊಡ್ಡ ಮೈ, ಅಷ್ಟು ಮಂದ ಕಣ್ಣು, ಒಂದು ಹಂಚಿನ ಮೂಲೆಗೂ ಕಾಲು ತಾಕಲಿಲ್ಲ. ಹಂಚು ಮಾಡಿದವನಲ್ಲದೆ ಬೇರೆ ಯಾರೂ ಹಾಗೆ ನಡೆಯುವುದಿಲ್ಲ, ವಿನೀತ. ಅದು ನೀವೇ.

ನಿಂಗವ್ವ ಅತ್ತೆ, “ದಿನಾ ಹಿಂಗs ನೋಡವ್ವಾ. ಹೇಳಿದ್ರ ಅತ್ತಿ ಸುಳ್ಳ ಹೇಳ್ತಾಳ ಅಂತಾನ” ಎಂದು ಕಣ್ಣೊರೆಸಿಕೊಂಡಳು. ಆ ಮೂರು ಹಂಚು? “ಅವತ್ತ ಹೊತ್ತು ಹುಟ್ಟೂ ಮುಂದ ನಡುದಾರ್ಯಾಗ ಮನುಷ್ಯಾ ಆದ. ಜೋಲಿ ತಪ್ಪಿತು.” ನೀವು ಕರಡಿಯಾಗಿ ಏನನ್ನೂ ತುಳಿಯುವುದಿಲ್ಲ, ಮನುಷ್ಯನಾಗುವ ಅವಸರದಲ್ಲಿ ತುಳಿಯುತ್ತೀರಿ.

ಆಮೇಲೆ ಅಂಗಳದಾಚೆಯ ಗೆದ್ದಲ ಹುತ್ತದ ಹತ್ತಿರ ಹೋಗಿ ಮೂಗಿಟ್ಟಿರಿ. ನಾನು ಜೈನರ ಮಗಳು, ಕಣ್ಣು ಮುಚ್ಚಿಕೊಂಡೆ. ತೆರೆದಾಗ ಬೆಚ್ಚಗಿನ ಭಟ್ಟಿಯ ಗೋಡೆಗೆ ಒರಗಿ ಮಲಗಿದ್ದಿರಿ.

ನಿಮ್ಮ ಕನ್ನಡಕ ನನ್ನ ಹತ್ತಿರವೇ ಉಳಿದಿದೆ. ಓಂಕಾರನ ಕೈಯಲ್ಲಿ ಕಳಿಸಿದ್ದೇನೆ. ಬೋನಿನ ಹತ್ತಿರ ಹೋಗಬೇಡಿ.

ಸಮೃದ್ಧಿ


ಹಂಚಿನ ಭಟ್ಟಿ
17 ಮೇ 2024

ಸಮೃದ್ಧಿ,

ನಿನ್ನ ಪತ್ರವನ್ನು ಅತ್ತೆಯ ಮುಂದೆ ಗಟ್ಟಿಯಾಗಿ ಓದಿದೆ. ‘ನಿನ್ನ’ ಎಂದು ಬರೆದದ್ದು ತಪ್ಪಾದರೆ ಹೊಡೆದುಹಾಕು. ಅತ್ತೆ ಪ್ರತಿ ಸಾಲಿಗೂ “ಹಂ, ಮತ್ತ?” ಎನ್ನುತ್ತಿದ್ದಳು. ಅವಳು ಇಷ್ಟು ವರ್ಷ ಹೇಳಿದ್ದೇ ಇದು, ನಾನು ನಂಬಿರಲಿಲ್ಲ. ಅವಳ ಕಾಲು ಮುಟ್ಟಿದೆ.

ಮೊನ್ನೆ ಬೋನಿಗೆ ನಿಜವಾದ ಕರಡಿ ಬಿತ್ತು. ಭೀಮಗಡದ ಒಳಗೆ ದೂರ ಒಯ್ದು ಬಿಟ್ಟುಬಂದರಂತೆ. ಸಾಗಿಸುವುದು ತಡವಾಗಿ ಬೆಳಗಾಗಿತ್ತು, ಬೋನು ಎತ್ತುವಾಗ ಹತ್ತಿರ ಹೋಗಿ ಅದರ ಪಾದ ನೋಡಿದೆ, ಬೆರಳು ಐದೂ ಇದ್ದವು. ಸಿದರಾಯ ಕಾಕಾ ಮನೆಗೆ ಬಂದಿದ್ದಾರೆ. ಕೋಲೂರಿಕೊಂಡು ಬೇಲಿಯವರೆಗೆ ನಡೆದು, ಕಾಡಿಗೆ ಮುಖ ಮಾಡಿ ತೆಂಗಿನಕಾಯಿ ಒಡೆದರು. “ಎರಡನೇದು ಎಲ್ಲಿರ್ತೈತೋ ಏನೋ, ಅದರ ಹೊಟ್ಟಿ ತಣ್ಣಗಿರ್ಲಿ” ಎಂದರು. ನಾನು ಪಕ್ಕದಲ್ಲೇ ನಿಂತು ಅವರ ತೋಳು ಹಿಡಿದಿದ್ದೆ. ಅರ್ಧ ಹೋಳು ನನ್ನ ಕೈಗೇ ಕೊಟ್ಟರು, ತಿಂದೆ.

ಹದಿನಾರರಿಂದ ನನ್ನ ಅರ್ಧ ಬದುಕು ನನಗೆ ಕಂಡಿರಲಿಲ್ಲ. ಅದನ್ನು ನೀನು ನೋಡಿ, ಬರೆದು, ಕೈಗಿಟ್ಟೆ. ಇದಕ್ಕೆ ಧನ್ಯವಾದ ಎಂಬ ಮಾತು ಸಾಲದು. ಆದರೂ ಧನ್ಯವಾದ.

ಅಜ್ಜಿಯವರಿಗೆ ನಿಜ ಹೇಳು. ಅವರು ಉಣಿಸಿದ್ದು ಯಾರಿಗೆಂದು ಅವರಿಗೆ ಗೊತ್ತಿರಬೇಕು. ಬೇಡವೆಂದರೆ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಅದು ಸುಳ್ಳು, ಬಹಳ ಬೇಸರವಾಗುತ್ತದೆ. ಆದರೂ ಹೇಳು.

ವಿನೀತ


ವಡಗಾವಿ
2 ಜೂನ್ 2024

ವಿನೀತ,

‘ನಿನ್ನ’ ಹೊಡೆದುಹಾಕಿಲ್ಲ.

ಅಜ್ಜಿಗೆ ಹೇಳಿದೆ. ಹಂಚು ತೋರಿಸಿ, ಬೆರಳು ತೋರಿಸಿ, ನಾನು ಕಣ್ಣಾರೆ ಕಂಡದ್ದನ್ನೂ ಹೇಳಿದೆ. ಜಪಮಣಿ ಹಿಡಿದು ಕುಳಿತಿದ್ದಳು. ಮಣಿ ಸರಿಯುವುದು ನಿಂತಿತು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

“ಕರಡಿ ಆದ ಮ್ಯಾಲೆ ಉಣ್ತಾನೇನು?”

“ಗೊತ್ತಿಲ್ಲಜ್ಜಿ” ಎಂದೆ.

“ಹಂಗಾರ ಕೇಳು. ಕರಡಿ ಆಗೂದು ಅವನ ಕೈಯಾಗಿಲ್ಲ, ಅದಕ್ಯಾಕ ಬೈಲಿ? ಉಣ್ಣೂದು, ಬಿಡೂದು ಕೈಯಾಗೈತಿ. ಬಸದ್ಯಾಗ ಎಲ್ಲಾರಿಗೂ ಹೇಳಿ ಬಂದೇನಿ ನಾ, ವ್ರತದ ಹುಡುಗ ಅಂತ. ಸುಳ್ಳ ಆಗಬಾರದು ನೋಡು.”

ಅಪ್ಪ-ಅವ್ವ ಸಾಂಗಲಿಯಿಂದ ಬಂದು ನಮ್ಮ ಮದುವೆಗೆ ಒಪ್ಪಿ ಹೋಗಿದ್ದಾರೆ. ಅವರಿಗೆ ಹಂಚಿನವನೆಂದಷ್ಟೇ ಗೊತ್ತು, ಉಳಿದದ್ದನ್ನು ನಿಧಾನಕ್ಕೆ ಹೇಳೋಣ. ದೀಪಾವಳಿ ಆದ ಮೇಲೆ ಗೋಧೂಳಿಯಲ್ಲಿ ಒಳ್ಳೆಯ ಮುಹೂರ್ತವಿದೆ ಎಂದು ಅಪ್ಪ ಅಂದರು. ಹೊತ್ತು ಮುಳುಗುವ ಗಳಿಗೆ! ಅಜ್ಜಿ ತಲೆ ಎತ್ತದೆ, “ನಮ್ಮ ಮನ್ಯಾಗ ಮುಂಜಾನೇನs ಲಗ್ನದ ಅಕ್ಕಿಕಾಳು. ಹೊತ್ತು ಮುಳುಗಿದ ಮ್ಯಾಲೆ ಬೀಗರು ಉಪಾಸ ಇರ್ತಾರೇನು?” ಎಂದಳು. ಅಲ್ಲಿಗೆ ಮುಗಿಯಿತು.

ಆ ಮೂರು ಹಂಚನ್ನು ಕಣಜದ ಕೆಳಗಿಂದ ಕಿತ್ತು ಹೊಸ್ತಿಲ ಹತ್ತಿರ ಹಾಸಬೇಕಂತೆ, ಕರಡಿಯದು ಹೊರಗೆ, ನಡುವಿನದು ಹೊಸ್ತಿಲಿಗೆ, ಮನುಷ್ಯನದು ಒಳಗೆ. ನೀನೇ ಬಂದು ಹಾಸಬೇಕು. ಅದಕ್ಕೂ ಮುಂಚೆ ಅಜ್ಜಿಯ ಪ್ರಶ್ನೆಗೆ ಉತ್ತರ ಬರೆ. ಖರೇ ಬರೆ.

ಸಮೃದ್ಧಿ


ಹಂಚಿನ ಭಟ್ಟಿ
8 ಜೂನ್ 2024

ಸಮೃದ್ಧಿ,

ಅಜ್ಜಿಯವರ ಪ್ರಶ್ನೆಯನ್ನು ಅತ್ತೆಗೇ ಕೇಳಿದೆ. ಸಿಹಿಸುಳ್ಳು ಬೇಡ, ಕಂಡದ್ದು ಹೇಳೆಂದೆ.

“ಮೊದಲೆಲ್ಲಾ ದಿನಾ ಹುತ್ತ ಕೆದರ್ತಿದ್ದಿ, ಖರೇ. ಗೆದ್ದಲ ತಿಂದು ಮಣ್ಣ ಬಾಯೀಲೆ ಏಳ್ತಿದ್ದಿ. ಆ ಹುಡುಗಿ ಬಂದು ಹೊಟ್ಟಿ ತುಂಬ ಉಣ್ಣಿಸಿದ್ಲಲಾ, ಅವತ್ತಿಂದ ಹುತ್ತದ ಬಾಜೂಕ ಹೋಗ್ತಿ, ಮೂಸ್ತಿ, ಹಂಗs ಹೊಳ್ಳಿ ಬಂದು ಮಲಗ್ತಿ. ಒಂದ ಗೆದ್ದಲಾನೂ ಮುಟ್ಟಿಲ್ಲ.”

ಆಗ ಹೊಳೆಯಿತು. ಆ ಶುಕ್ರವಾರದಿಂದ ನಾನು ದಿನಾಲೂ ಐದಕ್ಕೆ ತಾಟು ಇಟ್ಟುಕೊಂಡು, ವಡಗಾವಿಯ ದಿಕ್ಕಿಗೆ ಕುಳಿತು, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ನೀವಿಬ್ಬರೂ ಅದೇ ಹೊತ್ತಿಗೆ ಉಣ್ಣುತ್ತೀರೆಂಬ ಆಸೆಗೆ ಶುರುಮಾಡಿದ್ದು. ಬೆಳಿಗ್ಗೆ ಬಾಯಲ್ಲಿ ಮಣ್ಣಿನ ರುಚಿ ಇಲ್ಲದ್ದು ಇಷ್ಟು ದಿನ ನನ್ನ ಗಮನಕ್ಕೇ ಬಂದಿರಲಿಲ್ಲ.

ಅಜ್ಜಿಯವರಿಗೆ ಹೇಳು, ಬಸದಿಯಲ್ಲಿ ಅವರು ಹೇಳಿಬಂದ ದಿನ ಅದು ನಿಜವಾಗಿರಲಿಲ್ಲ. ಈಗ ಆಗಿದೆ. ಹೊತ್ತು ಮುಳುಗಿದ ಮೇಲೆ ನಾನು ಉಣ್ಣುವುದಿಲ್ಲ, ಕರಡಿಯೂ ಉಣ್ಣುವುದಿಲ್ಲ.

ಮುಂದಿನ ಭಾನುವಾರ ಹಂಚು ಹಾಸಲು ಬರುತ್ತೇನೆ. ಐದಕ್ಕೆ ನನಗೂ ಒಂದು ತಾಟು ಇಡಲು ಹೇಳು.

ನಿನ್ನ
ವಿನೀತ